ನೀವು ಯಾರು? ಆರಂಕಿಯಲ್ಲಿ ಹೇಳಿ

ಯುಗಾದಿಗೆ ಊರಿಗೆ ಬಂದಿದ್ದ ಅಕ್ಕನ ಮಗ ಒಬ್ಬಟ್ಟಿನ ಊಟ ಮುಗಿಸಿ ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟ. ‘ಮಾಮ, ಇದ್ರಲ್ಲಿ ನಾನು ಯಾವುದು ಹೇಳಿ’ ಅಂದ. ಪರದೆಯ ಮೇಲೆ ಮೂರು ಸಾಲು. ಸಾಫ್ಟ್‌ವೇರ್ ಎಂಜಿನಿಯರ್, 261313. ಡೆವಲಪರ್ ಪ್ರೋಗ್ರಾಮರ್, 261312. ಕಂಪ್ಯೂಟರ್ ನೆಟ್‌ವರ್ಕ್ ಅಂಡ್ ಸಿಸ್ಟಮ್ಸ್ ಎಂಜಿನಿಯರ್, 263111. ಓದಿದ್ದು ಹಾಸನದಲ್ಲಿ ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್. ಕೆಲಸ ಬೆಂಗಳೂರಿನಲ್ಲಿ, ಒಂದು ಬ್ಯಾಂಕಿನ ತಂತ್ರಾಂಶಕ್ಕೆ ಜಾವಾದಲ್ಲಿ ಕೋಡ್ ಬರೆಯುವುದು. ಕಂಪನಿ ಕೊಟ್ಟ ನೇಮಕಾತಿ ಪತ್ರದಲ್ಲಿರುವುದು ‘ಸಿಸ್ಟಮ್ಸ್ ಎಂಜಿನಿಯರ್’. ಮೂರಕ್ಕೂ ಒಂದಕ್ಕೊಂದು ತಾಳಮೇಳವಿಲ್ಲ. ಆಸ್ಟ್ರೇಲಿಯ ವೀಸಾಕ್ಕೆ ಅರ್ಜಿ ಹಾಕಿಸುವ ಏಜೆಂಟರನ್ನು ಕೇಳಿದರೆ, ‘ಡೆಸಿಗ್ನೇಷನ್ ಸಿಸ್ಟಮ್ಸ್ ಎಂಜಿನಿಯರ್ ಅಂತಾನೇ ಇದೆಯಲ್ಲ ಸರ್, ಮೂರನೇದು ಹಾಕ್ಬಿಡಿ, ಆಮೇಲೆ ನೋಡ್ಕೊಳ್ಳೋಣ’ ಅಂದರಂತೆ.

ಆಮೇಲೆ ನೋಡಿಕೊಳ್ಳುವುದಕ್ಕೆ ಇಲ್ಲಿ ಏನೂ ಉಳಿದಿರುವುದಿಲ್ಲ. ಅದಕ್ಕೇ ಈ ಲೇಖನ.

ಹಿಂದೆ ನಮ್ಮ ಹಳ್ಳಿಗಳಲ್ಲಿ ಹನ್ನೆರಡು ಆಯಗಾರರಿದ್ದರು. ಊರು ನಡೆಯಲು ಬೇಕಾದ ಕಸುಬುಗಳೆಲ್ಲ ಆ ಲೆಕ್ಕದೊಳಗೆ ಬರುತ್ತಿದ್ದವು. ಯಾರ ಕಸುಬು ಯಾವುದೆಂದು ಯಾರೂ ಕೇಳಬೇಕಾಗಿರಲಿಲ್ಲ, ಬದಲಿಸಿಕೊಳ್ಳುವ ದಾರಿಯೂ ಇರಲಿಲ್ಲ. ಆಸ್ಟ್ರೇಲಿಯದ ಲೆಕ್ಕದಲ್ಲಿ ಕಸುಬುಗಳು ಸಾವಿರಕ್ಕೂ ಹೆಚ್ಚು. ಆ ದೇಶದ ಅಂಕಿಅಂಶ ಇಲಾಖೆ ನ್ಯೂಜಿಲೆಂಡಿನ ಇಲಾಖೆಯೊಂದಿಗೆ ಸೇರಿ 2006ರಲ್ಲಿ ಹೊರತಂದ ಕಸುಬಿನ ಕೋಶವನ್ನು ‘ಆನ್ಜ್‌ಸ್ಕೊ’ ಎನ್ನುತ್ತಾರೆ. ಜನಗಣತಿಗೆಂದು, ಕಾರ್ಮಿಕ ಮಾರುಕಟ್ಟೆಯ ಅಧ್ಯಯನಕ್ಕೆಂದು ಮಾಡಿದ ವರ್ಗೀಕರಣ ಅದು. ವಲಸೆ ಇಲಾಖೆ ಅದನ್ನೇ ಎತ್ತಿಕೊಂಡು ವೀಸಾದ ಬಾಗಿಲಿಗೆ ಬೀಗವಾಗಿ ಜೋಡಿಸಿತು. ಎಣಿಸುವುದಕ್ಕೆ ಮಾಡಿದ ಪಟ್ಟಿ ಆರಿಸುವುದಕ್ಕೆ ಬಳಕೆಯಾದಾಗ ಆಗುವ ಎಡವಟ್ಟುಗಳೆಲ್ಲ ಇಲ್ಲೂ ಆಗಿವೆ.

ಆ ಆರು ಅಂಕಿಗಳನ್ನು ಎಡದಿಂದ ಓದಬೇಕು. 261313ರಲ್ಲಿ ಮೊದಲ 2 ಎಂದರೆ ವೃತ್ತಿಪರರ ಗುಂಪು. 26 ಎಂದರೆ ಅದರಲ್ಲಿ ಮಾಹಿತಿ ತಂತ್ರಜ್ಞಾನದವರು. 261 ಎಂದರೆ ವ್ಯವಹಾರ ಮತ್ತು ವ್ಯವಸ್ಥೆಯ ವಿಶ್ಲೇಷಕರು, ಪ್ರೋಗ್ರಾಮರ್‌ಗಳು. 2613ಕ್ಕೆ ಬಂದರೆ ಪ್ರೋಗ್ರಾಮರ್‌ಗಳ ಕೇರಿ. ಕೊನೆಯ ಎರಡು ಅಂಕಿ ಮನೆ ನಂಬರು. ಪ್ರತಿ ಕಸುಬಿನ ಕೆಳಗೂ ಆ ಕಸುಬಿನವರು ಏನು ಮಾಡುತ್ತಾರೆ, ಎಷ್ಟು ಓದಿರಬೇಕು ಎಂಬ ವಿವರ ಇರುತ್ತದೆ. ಅರ್ಜಿದಾರ ಓದಬೇಕಾದ್ದು ಅದನ್ನು. ಬಹಳ ಜನ ಓದುವುದು ತಲೆಬರಹವನ್ನು ಮಾತ್ರ.

ತಲೆಬರಹ ಎಷ್ಟು ದಾರಿ ತಪ್ಪಿಸುತ್ತದೆ ನೋಡಿ. ಬೆಂಗಳೂರಿನ ದೊಡ್ಡ ಐ.ಟಿ. ಕಂಪನಿಗಳಲ್ಲಿ ಕಾಲೇಜಿನಿಂದ ನೇರ ಬಂದ ಹುಡುಗ ಹುಡುಗಿಯರಿಗೆ ‘ಸಿಸ್ಟಮ್ಸ್ ಎಂಜಿನಿಯರ್’ ಎಂದು ಹೆಸರಿಡುವ ವಾಡಿಕೆ ಇದೆ. ಅವರು ಕೋಡ್ ಬರೆಯಬಹುದು, ಪರೀಕ್ಷೆ ಮಾಡಬಹುದು, ಗಿರಾಕಿಯ ದೂರು ಕೇಳುತ್ತ ಕೂರಬಹುದು. ಅಲ್ಲಿ ಆ ಹೆಸರು ಸಂಬಳದ ಮೆಟ್ಟಿಲು. 263111ರ ವಿವರ ಓದಿದರೆ ಅಲ್ಲಿರುವುದು ನೆಟ್‌ವರ್ಕ್ ಕಟ್ಟುವವರು, ಅದನ್ನು ನೋಡಿಕೊಳ್ಳುವವರು. ಏಳು ವರ್ಷ ಜಾವಾ ಬರೆದವನು ಅಲ್ಲಿ ಹೋಗಿ ನಿಂತರೆ, ಅವನ ಪತ್ರದ ಹೆಸರು ಒಳಗಿದ್ದರೂ ಅವನು ಮಾಡಿದ ಕೆಲಸ ಹೊರಗೇ ಉಳಿಯುತ್ತದೆ. ಪರಿಶೀಲಿಸುವವರು ನೋಡುವುದು ಕೆಲಸವನ್ನು, ಹೆಸರನ್ನಲ್ಲ.

ಅಡುಗೆ ಮನೆಯ ಉದಾಹರಣೆ ಇನ್ನೂ ಚೆನ್ನಾಗಿದೆ. ಆ ಕೋಶದಲ್ಲಿ ‘ಶೆಫ್’ ಬೇರೆ, ‘ಕುಕ್’ ಬೇರೆ. ಶೆಫ್ 351311, ಕುಕ್ 351411. ಇಬ್ಬರೂ ಒಲೆಯ ಮುಂದೆಯೇ ನಿಲ್ಲುವವರು. ಆದರೆ ಶೆಫ್ ಎಂದರೆ ಏನು ಬೇಯಬೇಕು, ಎಷ್ಟು ಖರ್ಚಾಗಬೇಕು, ಯಾರು ಯಾವುದನ್ನು ಮಾಡಬೇಕು ಎಂದು ತೀರ್ಮಾನಿಸುವವನು. ಕುಕ್ ಎಂದರೆ ಮಾಡುವವನು. ನಮ್ಮ ಉಡುಪಿ ಹೋಟೆಲುಗಳಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹಿಟ್ಟು ನೋಡಿ, ಹುಡುಗರನ್ನು ಬೈದು, ದಿನಸಿ ಚೀಟಿಯನ್ನೂ ತಾನೇ ಬರೆಯುವ ಭಟ್ಟರು ಈ ಎರಡರಲ್ಲಿ ಯಾರು? ಕೆಲಸದಿಂದ ನೋಡಿದರೆ ಶೆಫ್. ಸಂಬಳದ ರಿಜಿಸ್ಟರಿನಲ್ಲಿ ಬರೆದಿರುವುದು ‘ಅಡುಗೆಯವರು’. ಈ ವ್ಯತ್ಯಾಸಕ್ಕೆ ಬೆಲೆ ಇದೆ. ಯಾರ ಪ್ರಾಯೋಜಕತ್ವವೂ ಬೇಡದ 189ನೇ ಉಪವರ್ಗದ ಕಾಯಂ ವೀಸಾಕ್ಕೆ ಆಧಾರವಾದ ದೀರ್ಘಾವಧಿ ಪಟ್ಟಿಯಲ್ಲಿ ಶೆಫ್‌ಗೆ ಜಾಗವಿದೆ. ಕುಕ್ ಇರುವುದು ಅಲ್ಪಾವಧಿ ಪಟ್ಟಿಯಲ್ಲಿ. ಅವನು ಯಾವುದಾದರೂ ರಾಜ್ಯದ ಅಥವಾ ಮಾಲೀಕನ ಕೈ ಹಿಡಿದೇ ಬರಬೇಕು.

ಇನ್ನೊಂದು ತಮಾಷೆ ನಮ್ಮ ಮ್ಯಾನೇಜರ್‌ಗಳದ್ದು. ಹತ್ತು ವರ್ಷ ಕಳೆದರೂ ಮ್ಯಾನೇಜರ್ ಆಗದವನಿಗೆ ಬೆಂಗಳೂರಿನಲ್ಲಿ ಬೆಲೆ ಇಲ್ಲ. ಗಂಡು ನೋಡುವ ಮಾತುಕತೆಯಲ್ಲೂ ಆ ಪ್ರಶ್ನೆ ಬರುತ್ತದೆ. ಆ ಕಡೆ ನೋಡಿದರೆ, ಐ.ಟಿ. ಪ್ರಾಜೆಕ್ಟ್ ಮ್ಯಾನೇಜರ್ ಎಂಬ ಕಸುಬು ಇರುವುದೂ ಅದೇ ಅಲ್ಪಾವಧಿ ಪಟ್ಟಿಯಲ್ಲಿ, ಕುಕ್ ಪಕ್ಕದಲ್ಲಿ. ಕೋಡ್ ಬರೆಯುವುದನ್ನು ಬಿಟ್ಟು ಎಕ್ಸೆಲ್ ತುಂಬಲು ಕುಳಿತ ದಿನದಿಂದ, 189ರ ಬಾಗಿಲು ಅವನಿಗೆ ಮುಚ್ಚುತ್ತಾ ಬಂದಿರುತ್ತದೆ. ಬಡ್ತಿ ಸಿಕ್ಕ ದಿನ ಮಿಠಾಯಿ ಹಂಚುವಾಗ ಇದನ್ನು ಯಾರೂ ಹೇಳಿರುವುದಿಲ್ಲ.

ಇನ್ನು ಪದವಿಯ ವಿಚಾರ. ನಮ್ಮ ಹುಡುಗರು ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲಿಯೇ. ಕರ್ನಾಟಕದಲ್ಲಿ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್ ಓದಿ ಸಾಫ್ಟ್‌ವೇರಿಗೆ ಹೋದವರು ಮನೆಗೊಬ್ಬರಂತೆ ಸಿಗುತ್ತಾರೆ. ಅವರ ಓದು ಒಂದು ದಿಕ್ಕು, ಅನ್ನ ಇನ್ನೊಂದು ದಿಕ್ಕು. ವೀಸಾ ಅರ್ಜಿಗೆ ಮೊದಲು ಕಸುಬಿಗೆ ತಕ್ಕ ಸಂಸ್ಥೆಯೊಂದರಿಂದ ಕೌಶಲ ಪರಿಶೀಲನೆ ಆಗಬೇಕು. ಐ.ಟಿ. ಕಸುಬುಗಳಿಗೆ ಆಸ್ಟ್ರೇಲಿಯನ್ ಕಂಪ್ಯೂಟರ್ ಸೊಸೈಟಿ. ಎಂಜಿನಿಯರಿಂಗ್ ಕಸುಬುಗಳಿಗೆ ಎಂಜಿನಿಯರ್ಸ್ ಆಸ್ಟ್ರೇಲಿಯ. ಹಾಗಾಗಿ ಕಸುಬು ಆರಿಸಿದ ಕ್ಷಣವೇ ನಿಮ್ಮ ಪರೀಕ್ಷಕರನ್ನೂ ಆರಿಸಿಕೊಂಡಂತೆ.

ಕಂಪ್ಯೂಟರ್ ಸೊಸೈಟಿ ಏನು ಮಾಡುತ್ತದೆಂದರೆ, ನಿಮ್ಮ ಅಂಕಪಟ್ಟಿ ತೆಗೆದು ಒಂದೊಂದು ವಿಷಯವನ್ನೂ ನೋಡಿ, ಓದು ನೀವು ಹೇಳಿದ ಕಸುಬಿಗೆ ಎಷ್ಟು ಹತ್ತಿರ ಎಂದು ತೂಗುತ್ತದೆ. ಐ.ಟಿ. ಓದೇ ಆಗಿದ್ದು ಕಸುಬಿಗೆ ಹತ್ತಿರವಿದ್ದರೆ, ಅನುಭವದಲ್ಲಿ ಮೊದಲ ಎರಡು ವರ್ಷವನ್ನು ‘ಕಲಿಕೆ’ ಎಂದು ಕಳೆಯುತ್ತದೆ. ದೂರವಿದ್ದರೆ ನಾಲ್ಕು ವರ್ಷ. ಓದು ಪೂರ್ತಿ ಬೇರೆಯದಾದರೆ ಇನ್ನೂ ಹೆಚ್ಚು, ಜೊತೆಗೆ ತಾನು ಮಾಡಿದ ಎರಡು ಪ್ರಾಜೆಕ್ಟುಗಳ ವರದಿಯನ್ನೂ ಬರೆದುಕೊಡಬೇಕು. ವೀಸಾ ನಿಂತಿರುವುದು ಅಂಕಗಳ ಲೆಕ್ಕದ ಮೇಲೆ, ಹೀಗೆ ಕಳೆದುಹಾಕಿದ ವರ್ಷಗಳಿಗೆ ಅಂಕವಿಲ್ಲ. ಒಂದೇ ಅಂಕಪಟ್ಟಿ 261313ಕ್ಕೆ ದೂರವಾಗಿ ಕಂಡು ಇನ್ನೊಂದು ಕಸುಬಿಗೆ ಹತ್ತಿರವಾಗಿ ಕಾಣಬಹುದು. ಆಯ್ಕೆಗೆ ಅರ್ಥ ಬರುವುದು ಇಲ್ಲಿ.

ನಮ್ಮ ಹುಡುಗನ ಲೆಕ್ಕವನ್ನೇ ಹಾಕಿ ನೋಡೋಣ. ವಯಸ್ಸು 29. 25ರಿಂದ 32ರವರೆಗಿನವರಿಗೆ 30 ಅಂಕ, ಇದಕ್ಕಿಂತ ಹೆಚ್ಚು ಯಾವ ವಯಸ್ಸಿಗೂ ಇಲ್ಲ. ಪದವಿಗೆ 15. ಐ.ಇ.ಎಲ್.ಟಿ.ಎಸ್. ಎಂಬ ಇಂಗ್ಲಿಷ್ ಪರೀಕ್ಷೆಯ ನಾಲ್ಕೂ ವಿಭಾಗದಲ್ಲಿ 8 ಬಂದರೆ 20. ಮದುವೆಯಾಗಿಲ್ಲ, ಅದಕ್ಕೆ 10. (ಅಕ್ಕನಿಗೆ ಈ ಹತ್ತು ಅಂಕದ ಮೇಲೆ ಬಹಳ ಕೋಪ.) ಇಲ್ಲಿಗೆ 75. ಏಳು ವರ್ಷದ ಅನುಭವದಲ್ಲಿ ಎರಡು ಕಳೆದರೆ ಐದು ಉಳಿಯುತ್ತದೆ, 10 ಅಂಕ. ನಾಲ್ಕು ಕಳೆದರೆ ಮೂರು, 5 ಅಂಕ. ಅಂದರೆ 85 ಅಥವಾ 80. ಬೇರೆ ದಾರಿ ಹಿಡಿದು, ಓದಿಗೆ ತಕ್ಕಂತೆ ಎಲೆಕ್ಟ್ರಾನಿಕ್ಸ್ ಎಂಜಿನಿಯರ್ ಎಂದು ಎಂಜಿನಿಯರ್ಸ್ ಆಸ್ಟ್ರೇಲಿಯದ ಮುಂದೆ ಹೋದರೆ? ಅಲ್ಲಿ ಪದವಿಗೆ ಮಾನ್ಯತೆ ಸಿಗಬಹುದು. ಆದರೆ ಬ್ಯಾಂಕಿಗೆ ಬರೆದ ಜಾವಾ ಎಲೆಕ್ಟ್ರಾನಿಕ್ಸ್ ಅಲ್ಲ. ಅನುಭವಕ್ಕೆ ಸೊನ್ನೆ, ಒಟ್ಟು 75.

75ರವನು ದಡ್ಡ, 85ರವನು ಜಾಣ ಅನ್ನಿಸಬಹುದು. ಅಷ್ಟು ಸುಲಭವಿಲ್ಲ. ಕಾಗದದ ಮೇಲೆ ಪಾಸಾಗಲು 65 ಸಾಕು. ಆದರೆ 2012ರ ಜುಲೈನಿಂದ ಇರುವ ‘ಸ್ಕಿಲ್‌ಸೆಲೆಕ್ಟ್’ ಪದ್ಧತಿಯಲ್ಲಿ ಮೊದಲು ಆಸಕ್ತಿ ತಿಳಿಸಿ ಸಾಲಿನಲ್ಲಿ ನಿಲ್ಲಬೇಕು, ಅವರು ಕರೆದರೆ ಮಾತ್ರ ವೀಸಾಕ್ಕೆ ಅರ್ಜಿ ಹಾಕಬಹುದು. ಕರೆ ಬಂದ ಮೇಲೆ 60 ದಿನದ ಗಡುವು. ಸಾಲುಗಳು ಎಲ್ಲಾ ಕಸುಬಿಗೂ ಒಂದೇ ವೇಗದಲ್ಲಿ ಸಾಗುವುದಿಲ್ಲ. ಸಾಫ್ಟ್‌ವೇರಿನವರು, ಲೆಕ್ಕಪತ್ರದವರು ಕಿಕ್ಕಿರಿದು ನಿಂತಿರುತ್ತಾರೆ. ಅವರಲ್ಲಿ 90ರ ಹತ್ತಿರ ಇದ್ದವರಿಗೂ ಕರೆ ಬಾರದ ಸುತ್ತುಗಳಿವೆ. ಇತ್ತೀಚೆಗೆ ಬಡಗಿ, ಗಾರೆ ಕೆಲಸದಂಥ ಕಟ್ಟಡ ಕಸುಬಿನವರಿಗೆ 65ರ ಹೊಸ್ತಿಲಲ್ಲೇ ಕರೆ ಹೋಗಿದೆ. ಸಂತೆಯಲ್ಲಿ ಟೊಮೆಟೊ ರಾಶಿ ಬಿದ್ದ ದಿನ ಒಳ್ಳೆಯ ಟೊಮೆಟೊಗೂ ಬೆಲೆ ಇರುವುದಿಲ್ಲವಲ್ಲ, ಹಾಗೆ. ಐದು ಅಂಕ ಕಡಿಮೆಯ ಕಸುಬಿನ ಸಾಲು ಚಿಕ್ಕದಾಗಿದ್ದರೆ ಅದರಲ್ಲಿ ನಿಂತವನೇ ಮೊದಲು ಒಳಗೆ ಹೋಗಬಹುದು.

ರಾಜ್ಯ ಸರ್ಕಾರವೊಂದು ನಾಮನಿರ್ದೇಶನ ಮಾಡಿದರೆ 190ನೇ ಉಪವರ್ಗದ ವೀಸಾದಲ್ಲಿ 5 ಅಂಕ ಹೆಚ್ಚು. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಬಿಟ್ಟು ಉಳಿದ ಕಡೆ ಇರುತ್ತೇನೆ ಎಂದು ಒಪ್ಪಿದರೆ 491ರಲ್ಲಿ 15. ಪರ್ತ್, ಅಡಿಲೇಡ್‌ನಂಥ ದೊಡ್ಡ ಊರುಗಳೂ ಆ ‘ಉಳಿದ ಕಡೆ’ಯಲ್ಲೇ ಬರುತ್ತವೆ. ಆದರೆ ರಾಜ್ಯಗಳು ತಮ್ಮದೇ ಪಟ್ಟಿ, ತಮ್ಮದೇ ಷರತ್ತು ಇಟ್ಟುಕೊಂಡಿರುತ್ತವೆ. ಅಲ್ಲಿ ಅನುಭವ ಇಲ್ಲದ ಎಲೆಕ್ಟ್ರಾನಿಕ್ಸ್ ಎಂಜಿನಿಯರ್ ಮತ್ತೆ ಹಿಂದೆ ಬೀಳುತ್ತಾನೆ.

ಹಾಗಾದರೆ ಯಾವ ಕಸುಬಿಗೆ ಬೇಡಿಕೆ ಇದೆಯೋ ಅದನ್ನೇ ಹಿಡಿಯಬಾರದೇಕೆ? ಹಿಡಿದವರಿದ್ದಾರೆ. ಅವರ ಕತೆ ಕೇಳಿ.

2000ದ ದಶಕದಲ್ಲಿ ಆಸ್ಟ್ರೇಲಿಯದಲ್ಲಿ ‘ಬೇಡಿಕೆಯ ಕಸುಬುಗಳು’ ಎಂಬ ಪಟ್ಟಿ ಇತ್ತು. ಅದರಲ್ಲಿ ಅಡುಗೆಯವರೂ ಕ್ಷೌರಿಕರೂ ಇದ್ದರು. ಅಲ್ಲೇ ಆ ಕೋರ್ಸ್ ಓದಿದರೆ ಕಾಯಂ ವಾಸಕ್ಕೆ ದಾರಿ ಸಲೀಸು. ಮೆಲ್ಬರ್ನ್, ಸಿಡ್ನಿಗಳಲ್ಲಿ ಅಡುಗೆ ಕಲಿಸುವ, ಕೂದಲು ಕತ್ತರಿಸಲು ಕಲಿಸುವ ಖಾಸಗಿ ಕಾಲೇಜುಗಳು ಅಣಬೆಯಂತೆ ಎದ್ದವು. ಭಾರತದಿಂದ, ಅದರಲ್ಲೂ ಪಂಜಾಬಿನಿಂದ, ಸಾವಿರಾರು ಹುಡುಗರು ಹೊಲ ಅಡವಿಟ್ಟು ಹೋದರು. ಎಷ್ಟೋ ಜನಕ್ಕೆ ಅಡುಗೆಯ ಮೇಲೆ ಒಲವೇನೂ ಇರಲಿಲ್ಲ. 2010ರ ಫೆಬ್ರವರಿ 8ರಂದು ವಲಸೆ ಸಚಿವ ಕ್ರಿಸ್ ಇವಾನ್ಸ್ ಆ ಪಟ್ಟಿಯನ್ನೇ ರದ್ದು ಮಾಡಿದರು. 2007ರ ಸೆಪ್ಟೆಂಬರ್‌ಗೆ ಮೊದಲು ವಿದೇಶದಿಂದ ಹಾಕಿದ್ದ ಸುಮಾರು 20,000 ಅರ್ಜಿಗಳನ್ನು ಶುಲ್ಕ ಹಿಂದಿರುಗಿಸಿ ಕೈಬಿಡುವುದಾಗಿ ಹೇಳಿದರು. ಅರ್ಧ ಓದು ಮುಗಿಸಿದ್ದವರ ಕೈಯಲ್ಲಿ ಉಳಿದದ್ದು ಸೌಟು, ಕತ್ತರಿ ಮತ್ತು ಸಾಲ.

ಮತ್ತೆ 2017ರ ಏಪ್ರಿಲ್‌ನಲ್ಲಿ ಪ್ರಧಾನಿ ಮಾಲ್ಕಮ್ ಟರ್ನ್‌ಬುಲ್ ಮಾಲೀಕರು ಕೆಲಸಕ್ಕೆ ಕರೆಸಿಕೊಳ್ಳುತ್ತಿದ್ದ 457 ವೀಸಾವನ್ನು ನಿಲ್ಲಿಸುವುದಾಗಿ ಘೋಷಿಸಿದರು. ಅದರ ಬೆನ್ನಿಗೇ 216 ಕಸುಬುಗಳು ಪಟ್ಟಿಯಿಂದ ಬಿದ್ದುಹೋದವು. 2024ರ ಡಿಸೆಂಬರ್ 7ರಿಂದ ಮಾಲೀಕರು ಕರೆಸಿಕೊಳ್ಳುವ ವೀಸಾಕ್ಕೆ 456 ಕಸುಬುಗಳ ಇನ್ನೊಂದು ಹೊಸ ಪಟ್ಟಿ ಬಂತು. ಅದೇ ತಿಂಗಳು ಅಂಕಿಅಂಶ ಇಲಾಖೆ ಆನ್ಜ್‌ಸ್ಕೊವನ್ನೇ ಬದಿಗಿಟ್ಟು ‘ಆಸ್ಕ’ ಎಂಬ ಹೊಸ ಕೋಶವನ್ನು ಪ್ರಕಟಿಸಿತು. ಪಟ್ಟಿ ನೋಡಿ ಕಸುಬು ಕಲಿಯುವವನು ಹೊಳೆಯ ನೀರು ನೋಡಿ ಮನೆ ಕಟ್ಟಿದಂತೆ. ಇದ್ದ ಕಸುಬು ಪಟ್ಟಿಯಲ್ಲಿದೆಯೇ ಎಂದು ನೋಡಿ ಬೇಗ ಹೆಜ್ಜೆ ಇಡುವುದು ಬೇರೆ ಮಾತು. ಅದು ಬುದ್ಧಿವಂತಿಕೆ.

ಗಂಡ ಹೆಂಡತಿ ಇಬ್ಬರೂ ಹೋಗುವುದಾದರೆ ನಮ್ಮವರು ಮಾಡುವ ದೊಡ್ಡ ತಪ್ಪು ಒಂದಿದೆ. ಮುಖ್ಯ ಅರ್ಜಿದಾರ ಗಂಡನೇ ಎಂದು ಕೇಳದೆಯೇ ತೀರ್ಮಾನವಾಗಿರುತ್ತದೆ. ಅವನು ಸಾಫ್ಟ್‌ವೇರ್, ಅಂದರೆ ಉದ್ದನೆಯ ಸಾಲಿನ ಕೊನೆ. ಅವಳು ಬಿ.ಎಸ್ಸಿ., ಬಿ.ಎಡ್. ಮುಗಿಸಿ ಮೈಸೂರಿನಲ್ಲಿ ಹೈಸ್ಕೂಲಿಗೆ ಗಣಿತ ಹೇಳಿಕೊಡುತ್ತಿರುತ್ತಾಳೆ, ಅಥವಾ ಮಂಗಳೂರಿನಲ್ಲಿ ನರ್ಸಿಂಗ್ ಮುಗಿಸಿರುತ್ತಾಳೆ. ಪ್ರೌಢಶಾಲಾ ಶಿಕ್ಷಕರೂ ನರ್ಸುಗಳೂ ಆ ದೀರ್ಘಾವಧಿ ಪಟ್ಟಿಯಲ್ಲಿದ್ದಾರೆ. ಶಿಕ್ಷಕರ ಪರಿಶೀಲನೆ ಮಾಡುವ ಸಂಸ್ಥೆ ಕೇಳುವ ನಾಲ್ಕು ವರ್ಷದ ಉನ್ನತ ಓದು ಬಿ.ಎಸ್ಸಿ., ಬಿ.ಎಡ್. ಸೇರಿದರೆ ಆಗುತ್ತದೆ. ಅಡ್ಡಿಯಾಗುವುದು ಅದು ಕೇಳುವ ಇಂಗ್ಲಿಷ್. ಓದು ಬರಹದಲ್ಲಿ 7, ಮಾತು ಮತ್ತು ಆಲಿಸುವಿಕೆಯಲ್ಲಿ 8. ನರ್ಸ್‌ಗೆ ವೀಸಾ ಒಂದು ಬೆಟ್ಟವಾದರೆ ನೋಂದಣಿ ಇನ್ನೊಂದು. ಭಾರತದಲ್ಲಿ ಓದಿದವರು ಸಾಮಾನ್ಯವಾಗಿ ಒಂದು ಕಂಪ್ಯೂಟರ್ ಪರೀಕ್ಷೆಯನ್ನೂ ಅಡಿಲೇಡಿಗೆ ಹೋಗಿ ಕೊಡುವ ಪ್ರಾಯೋಗಿಕ ಪರೀಕ್ಷೆಯನ್ನೂ ದಾಟಬೇಕು. ಆದರೂ ಲೆಕ್ಕವನ್ನು ಎರಡೂ ಕಡೆಯಿಂದ ಹಾಕಿ ನೋಡಲೇಬೇಕು. ಯಾರು ಮುಂದೆ ನಿಂತರೂ ಇನ್ನೊಬ್ಬರ ಕಸುಬೂ ತಕ್ಕ ಪಟ್ಟಿಯಲ್ಲಿದ್ದು, ಪರಿಶೀಲನೆ ಆಗಿ, ವಯಸ್ಸು 45ರ ಒಳಗಿದ್ದು, ಇಂಗ್ಲಿಷಿನಲ್ಲಿ ಎಲ್ಲದರಲ್ಲೂ 6 ಬಂದರೆ 10 ಅಂಕ ಸೇರುತ್ತದೆ. ಅಡುಗೆಮನೆಯ ಟೇಬಲ್ ಮೇಲೆ ಒಂದು ಹಾಳೆ, ಒಂದು ಪೆನ್ನು. ಅಷ್ಟೇ ಬೇಕಾದ್ದು.

ಕಸುಬು ಆರಿಸಿದ್ದಾಯಿತು, ಅದನ್ನು ತೋರಿಸಬೇಕಲ್ಲ. ನಮ್ಮ ಕಂಪನಿಗಳ ಎಚ್.ಆರ್. ವಿಭಾಗ ಕೊಡುವ ಪತ್ರದಲ್ಲಿ ಸೇರಿದ ದಿನ, ಬಿಟ್ಟ ದಿನ, ಹುದ್ದೆಯ ಹೆಸರು ಇಷ್ಟೇ ಇರುತ್ತದೆ. ಏನು ಕೆಲಸ ಮಾಡಿದಿರಿ ಎಂದು ಬರೆದುಕೊಡಿ ಎಂದರೆ ‘ಪಾಲಿಸಿ ಇಲ್ಲ’ ಎನ್ನುತ್ತಾರೆ. ಆಗ ಜೊತೆಗೆ ಕೆಲಸ ಮಾಡಿದ ಹಿರಿಯರೊಬ್ಬರು ಛಾಪಾ ಕಾಗದದ ಮೇಲೆ ಪ್ರಮಾಣಪತ್ರ ಬರೆದು ನೋಟರಿ ಮಾಡಿಸಿಕೊಡಬೇಕು. ಜೊತೆಗೆ ಸಂಬಳದ ಚೀಟಿ, ಫಾರಂ 16, ಬ್ಯಾಂಕಿನ ಲೆಕ್ಕ. ಮ್ಯಾನೇಜರ್ ಕಂಪನಿ ಬಿಟ್ಟು ಕೆನಡಾಕ್ಕೆ ಹೋಗುವ ಮುಂಚೆ ಇದನ್ನು ಮಾಡಿಸಿಕೊಳ್ಳುವುದು ಕ್ಷೇಮ.

ಎಂಜಿನಿಯರುಗಳಿಗೆ ಬೇರೆ ಪರೀಕ್ಷೆ. ಭಾರತ 2014ರಲ್ಲಿ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯನಾದ ಮೇಲೆ, ಅದರಡಿ ಮಾನ್ಯತೆ ಪಡೆದ ಕೆಲವು ಕೋರ್ಸುಗಳವರ ದಾರಿ ಸುಲಭವಾಗಿದೆ. ಉಳಿದವರು ತಮ್ಮ ಕೆಲಸದ ಮೂರು ಪ್ರಸಂಗಗಳನ್ನು ಬರೆದುಕೊಡಬೇಕು. ಷರತ್ತು ಏನೆಂದರೆ ‘ನಾನು’ ಎಂದು ಬರೆಯಬೇಕು. ನಾನು ಲೆಕ್ಕ ಹಾಕಿದೆ, ನಾನು ವಿನ್ಯಾಸ ಮಾಡಿದೆ. ‘ನಾವು’ ನಡೆಯುವುದಿಲ್ಲ. ಸಂಕೋಚದಿಂದ ಎಲ್ಲಕ್ಕೂ ‘ನಮ್ಮ ಟೀಮು’ ಎನ್ನುವ ನಮ್ಮವರು ಇಲ್ಲಿ ಬಹಳ ತಡವರಿಸುತ್ತಾರೆ. ಇದನ್ನೇ ದುಡ್ಡಿಗೆ ಬರೆದುಕೊಡುವವರೂ ಇದ್ದಾರೆ. ಒಂದೇ ಪ್ರಸಂಗವನ್ನು ಹತ್ತು ಜನಕ್ಕೆ ಮಾರುತ್ತಾರೆ. ನಕಲು ಪತ್ತೆ ಹಚ್ಚುವ ತಂತ್ರಾಂಶ ಅಲ್ಲೂ ಇದೆ.

ಕೆಲವು ಏಜೆಂಟರು ಕಸುಬಿನ ವಿವರವನ್ನು ಕೋಶದಿಂದ ಅಕ್ಷರಶಃ ಎತ್ತಿ ನಿಮ್ಮ ಪತ್ರಕ್ಕೆ ಅಂಟಿಸುತ್ತಾರೆ. ಹಾಗೆ ಮಾಡಿದ ಪತ್ರ ನೋಡಿದ ಕೂಡಲೇ ಅನುಮಾನ ಬರುತ್ತದೆ. ಯಾವ ಮನುಷ್ಯನೂ ಸರ್ಕಾರಿ ಕೋಶದ ಭಾಷೆಯಲ್ಲಿ ಕೆಲಸ ಮಾಡುವುದಿಲ್ಲ. ಸುಳ್ಳು ದಾಖಲೆ ಎಂದು ಸಾಬೀತಾದರೆ 4020 ಎಂಬ ನಿಯಮದಡಿ ವೀಸಾ ತಿರಸ್ಕಾರ, ಜೊತೆಗೆ ಮೂರು ವರ್ಷ ಬೇರೆ ವೀಸಾಗಳಿಗೂ ತಡೆ. ದಂಡ ಬೀಳುವುದು ಅರ್ಜಿದಾರನಿಗೆ, ಪತ್ರ ಬರೆದ ಏಜೆಂಟನಿಗಲ್ಲ. ಆಸ್ಟ್ರೇಲಿಯದಲ್ಲಿ ನೋಂದಾಯಿತ ಏಜೆಂಟರಿಗೆ ಒಂದು ಸಂಖ್ಯೆ ಇರುತ್ತದೆ. ಅದನ್ನು ಕೇಳಿ, ಅಲ್ಲಿನ ಸರ್ಕಾರದ ನೋಂದಣಿ ಪುಸ್ತಕದಲ್ಲಿ ಹುಡುಕಿ ನೋಡಿ, ಆಮೇಲೆ ಮುಂಗಡ ಕೊಡಿ.

ಹುಡುಗನಿಗೆ ನಾನು ಹೇಳಿದ್ದು ಇಷ್ಟೇ. ಒಂದು ವಾರ ಬೆಳಿಗ್ಗೆಯಿಂದ ಸಂಜೆವರೆಗೆ ಏನು ಮಾಡಿದೆ ಎಂದು ಪ್ರತಿ ದಿನ ಬರೆದಿಡು. ಬರೆದ. ಐದು ದಿನದಲ್ಲಿ ನೆಟ್‌ವರ್ಕ್ ಎಂಬ ಪದ ಒಂದೇ ಕಡೆ ಬಂದಿತ್ತು, ಅದೂ ಆಫೀಸಿನ ವೈಫೈ ಕೈಕೊಟ್ಟ ದಿನ. ಉಳಿದದ್ದೆಲ್ಲ ವಿನ್ಯಾಸ, ಕೋಡು, ತಪ್ಪು ತಿದ್ದುವುದು. 261313 ಎಂದು ತೀರ್ಮಾನವಾಯಿತು. ಅಕ್ಕ ಬಾಗಿಲಲ್ಲಿ ನಿಂತು, ‘ಅಲ್ಲಿಗೆ ಹೋದ್ಮೇಲೆ ಇದೇ ಕೆಲಸಾನೇ ಮಾಡ್ಬೇಕೇನೋ?’ ಎಂದು ಕೇಳಿದಳು. 189ರಲ್ಲಿ ಹೋದರೆ ಹಾಗೇನಿಲ್ಲ, ಟ್ಯಾಕ್ಸಿ ಓಡಿಸಿದರೂ ಯಾರೂ ಕೇಳುವುದಿಲ್ಲ. ಮಾಲೀಕ ಕರೆಸಿಕೊಂಡ ವೀಸಾದಲ್ಲಾದರೆ ಹೇಳಿದ ಕಸುಬನ್ನೇ ಮಾಡಬೇಕು, ಕೆಲಸ ಹೋದರೆ 180 ದಿನದೊಳಗೆ ಇನ್ನೊಬ್ಬ ಮಾಲೀಕನನ್ನು ಹುಡುಕಿಕೊಳ್ಳಬೇಕು.

ಕನ್ನಡಕ್ಕೂ ಇಲ್ಲಿ ಬೆಲೆ ಇದೆ ಎಂದು ಅವನಿಗೆ ಗೊತ್ತಿರಲಿಲ್ಲ. ‘ನಾಟಿ’ ಎಂಬ ಸಂಸ್ಥೆ ನಡೆಸುವ ಸಮುದಾಯ ಭಾಷೆಯ ಪರೀಕ್ಷೆಯಲ್ಲಿ ಕನ್ನಡವೂ ಇದೆ. ಆಸ್ಪತ್ರೆ, ವಿಮೆ, ಬಾಡಿಗೆ ಕರಾರು ಇಂಥ ವಿಷಯಗಳ ಎರಡು ಸಂಭಾಷಣೆ ಕೇಳಿಸಿ ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ಬಾಯಲ್ಲಿ ಹೇಳಿಸುತ್ತಾರೆ. 90ಕ್ಕೆ 63 ಬಂದರೆ 5 ಅಂಕ. ಈಗ ರಾತ್ರಿ ಊಟವಾದ ಮೇಲೆ ಫೋನ್ ಮಾಡಿ ‘ಮಾಮ, ಡಿಡಕ್ಟಿಬಲ್‌ಗೆ ಕನ್ನಡದಲ್ಲಿ ಏನಂತಾರೆ?’ ಎಂದು ಕೇಳುತ್ತಾನೆ. ನನಗೂ ಗೊತ್ತಿಲ್ಲ.

ಕಸುಬಿನ ಸಂಕೇತಕ್ಕಾಗಿ ಎರಡು ತಿಂಗಳು ತಲೆ ಕೆಡಿಸಿಕೊಂಡೆವು. ಹತ್ತಿರವೋ ದೂರವೋ ಎಂಬುದರ ಮೇಲೆ ನಿಂತಿದ್ದದ್ದು ಐದು ಅಂಕ. ಮೊನ್ನೆ ಅವನ ಇಂಗ್ಲಿಷ್ ಫಲಿತಾಂಶ ಬಂತು. ಮೂರು ವಿಭಾಗದಲ್ಲಿ 8, ಬರವಣಿಗೆಯಲ್ಲಿ 7.5. ಒಂದೇ ಒಂದು ವಿಭಾಗ 8ಕ್ಕಿಂತ ಕೆಳಗಿದ್ದರೂ 20 ಅಂಕ ಸಿಗುವುದಿಲ್ಲ, ಸಿಗುವುದು 10.